300 ಕುದುರೆಯ ಲಾರಾಗೆ ಯಾವ ಕ್ಲಚ್ ಹಾಕಿಸಬೇಕು?

ಪ್ರಶ್ನೆ: ನನ್ನದು 2012ರ ಸ್ಕೋಡಾ ಲಾರಾ 1.8 ಟಿಎಸ್ಐ, 6 ಸ್ಪೀಡ್ ಮ್ಯಾನ್ಯುವಲ್. ಹೋದ ವರ್ಷ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದೆ. ಈಗ 210 ಪಿಎಸ್ (ಕುದುರೆ ಶಕ್ತಿ), 340 ಎನ್‌ಎಂ ಟಾರ್ಕ್ ಬರುತ್ತಿದೆ ಅಂತ ಟ್ಯೂನರ್ ಹೇಳಿದ್ದಾರೆ. ಇತ್ತೀಚೆಗೆ ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಆರ್‌ಪಿಎಂ ಏರುತ್ತದೆ, ಕಾರಿನ ವೇಗ ಅಷ್ಟು ಏರುವುದಿಲ್ಲ. ಓಡಿಸುವಾಗ ದಾಖಲಾದ ಆರ್‌ಪಿಎಂ, ವೇಗದ ಲಾಗ್ ಕಳಿಸಿದ್ದೇನೆ. ಮುಂದಿನ ವರ್ಷ ಕೆ04 ಅನ್ನುವ ದೊಡ್ಡ ಟರ್ಬೊ ಹಾಕಿಸಿ 300 ಪಿಎಸ್ ಮಾಡುವ ಆಸೆ. ವಾರಕ್ಕೆ ಐದು ದಿನ ರಾಜರಾಜೇಶ್ವರಿ ನಗರದಿಂದ ವೈಟ್‌ಫೀಲ್ಡ್‌ಗೆ ಇದೇ ಕಾರಿನಲ್ಲಿ ಓಡಾಟ, ತಿಂಗಳಿಗೊಮ್ಮೆ ಸಕಲೇಶಪುರಕ್ಕೆ. ಒಂದು ಗ್ಯಾರೇಜಿನವರು ‘ಸ್ಟೇಜ್ 4’ ಆರು ಪಕ್ (ಬಿಲ್ಲೆ) ಸೆರಾಮಿಕ್ ಹಾಕಿಸಿ ಅಂತಾರೆ. ಇನ್ನೊಬ್ಬರು ಟ್ವಿನ್ ಡಿಸ್ಕ್ ಅಂತಾರೆ. ಮೂರನೆಯವರು ಕಂಪನಿ ಕ್ಲಚ್ಚೇ ಹೊಸದು ಹಾಕಿದರೆ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರೂ ನಿಮ್ಮನ್ನು ಕೇಳಬೇಕಾಗಿದ್ದ ಒಂದು ಪ್ರಶ್ನೆ ಬಾಕಿ ಉಳಿದಿದೆ. 300 ಪಿಎಸ್ ಸರಿ, ಎನ್‌ಎಂ ಎಷ್ಟು? ಅದೂ ಎಷ್ಟು ಆರ್‌ಪಿಎಂನಲ್ಲಿ? ಇದು ಗೊತ್ತಿಲ್ಲದೆ ಕ್ಲಚ್ ಆರಿಸುವುದು ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದ ಹಾಗೆ.

ಕ್ಲಚ್‌ಗೆ ಕುದುರೆಗಳ ಲೆಕ್ಕ ಬರುವುದಿಲ್ಲ. ಅದಕ್ಕೆ ಗೊತ್ತಾಗುವುದು ತಿರುಚುವ ಬಲ, ಅಂದರೆ ಟಾರ್ಕ್ ಮಾತ್ರ. ಎರಡನೇ ತಲೆಮಾರಿನ ಸುಜುಕಿ ಹಯಾಬುಸಾ 197 ಪಿಎಸ್ ಕೊಡುತ್ತಿತ್ತು, ಟಾರ್ಕ್ ಬರೀ 155 ಎನ್‌ಎಂ. ಏರ್‌ಪೋರ್ಟ್ ಬಾಡಿಗೆಗೆ ಓಡುವ 2.4 ಇನ್ನೋವಾ ಕ್ರಿಸ್ಟಾ ಮ್ಯಾನ್ಯುವಲ್ ಕೊಡುವುದು 150 ಪಿಎಸ್, ಆದರೆ 343 ಎನ್‌ಎಂ. ಕುದುರೆಗಳಲ್ಲಿ ಬೈಕ್ ಮುಂದಿದ್ದರೂ ಇನ್ನೋವಾದ ಕ್ಲಚ್ ಹಿಡಿದಿಡಬೇಕಾದ ಬಲ ಅದರ ಎರಡು ಪಟ್ಟಿಗಿಂತ ಜಾಸ್ತಿ. ‘ಹೈ ಹಾರ್ಸ್‌ಪವರ್ ಕ್ಲಚ್’ ಅಂತ ಯಾರಾದರೂ ಮಾರಿದರೆ ಆ ಹೆಸರನ್ನು ಬಿಟ್ಟು ಡಬ್ಬದ ಮೇಲಿನ ಟಾರ್ಕ್ ಸಂಖ್ಯೆ ಹುಡುಕಿ.

ನಿಮ್ಮ ಕಾರಿನ ಲೆಕ್ಕಕ್ಕೇ ಬರೋಣ. ಕಂಪನಿಯಿಂದ ಬಂದಾಗ ಈ 1.8 ಟಿಎಸ್ಐ ಎಂಜಿನ್ 160 ಪಿಎಸ್, 250 ಎನ್‌ಎಂ. ಆ 250 ಎನ್‌ಎಂ 1500 ಆರ್‌ಪಿಎಂಗೇ ಬಂದುಬಿಡುತ್ತದೆ. ಟರ್ಬೊ ಗಾಡಿಯ ಸುಖವೂ ಅಲ್ಲೇ, ಕ್ಲಚ್‌ನ ಕಷ್ಟವೂ ಅಲ್ಲೇ. ಕೆ04 ಹಾಕಿ 5500 ಆರ್‌ಪಿಎಂನಲ್ಲಿ 300 ಪಿಎಸ್ ಬೇಕಾದರೆ ಅಲ್ಲಿ ಸುಮಾರು 383 ಎನ್‌ಎಂ ಇದ್ದರೆ ಸಾಕು. ಟ್ಯೂನರ್ ಬೇಕಂದರೆ ಟಾರ್ಕನ್ನು 400ರ ಆಸುಪಾಸಿನಲ್ಲಿ ಕಟ್ಟಿಹಾಕಿ ಮೇಲಿನವರೆಗೂ ಸಮನಾಗಿ ಎಳೆಯುವ ಹಾಗೆ ಮಾಡಬಹುದು. ಇಲ್ಲವೇ 3000 ಆರ್‌ಪಿಎಂನಲ್ಲೇ 450 ಎನ್‌ಎಂ ಎದ್ದು ಬರುವ ಹಾಗೂ ಮಾಡಬಹುದು. ಆ 3000ದಲ್ಲಿ 450 ಎನ್‌ಎಂ ಅಂದರೆ ಬರೀ 192 ಪಿಎಸ್! ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಕೊಟ್ಟ ಹಾಳೆಯ ಮೇಲೆ ಎರಡರಲ್ಲೂ ದೊಡ್ಡ ಅಕ್ಷರದಲ್ಲಿ ಕಾಣುವುದು 300 ಪಿಎಸ್ಸೇ. ಕ್ಲಚ್ ಮಟ್ಟಿಗೆ ಮಾತ್ರ ಅವು ಎರಡು ಬೇರೆ ಕಾರುಗಳು.

ಹಾಗಾಗಿ ಮೊದಲ ಸಲಹೆ ಕ್ಲಚ್ ಅಂಗಡಿಗೆ ಸಂಬಂಧಪಟ್ಟಿದ್ದೇ ಅಲ್ಲ. ಟ್ಯೂನರ್ ಹತ್ತಿರ ಕೂತು ಟಾರ್ಕ್ ಮಿತಿ ಹಾಕಿಸಿ. 400 ಎನ್‌ಎಂ ಮೇಲೆ ಹೋಗಬಾರದು, 2500ರ ಕೆಳಗೆ ಬೂಸ್ಟ್ (ಟರ್ಬೊ ಒತ್ತಡ) ಮೆಲ್ಲಗೆ ಏರಬೇಕು ಅಂತ ಹೇಳಿ. ಇದಕ್ಕೆ ಬಿಡಿಭಾಗದ ಖರ್ಚಿಲ್ಲ. ಗೇರ್‌ಬಾಕ್ಸ್, ಡ್ರೈವ್‌ಶಾಫ್ಟ್ ಎರಡಕ್ಕೂ ಆಯುಷ್ಯ ಸಿಗುತ್ತದೆ. ‘ಕೆಳಗೆ ಪಂಚ್ ಕಡಿಮೆ ಆಯ್ತು’ ಅಂತ ಒಂದು ವಾರ ಅನ್ನಿಸಬಹುದು, ಆಮೇಲೆ ಮರೆತುಹೋಗುತ್ತದೆ.

ಈಗ ನಿಮ್ಮ ಲಾಗ್. ನಾಲ್ಕನೇ ಗೇರಿನಲ್ಲಿ 80 ಕಿಮೀ ವೇಗಕ್ಕೆ 2700 ಆರ್‌ಪಿಎಂ ಇದೆ. ಅದೇ ಗೇರಿನಲ್ಲಿ 95 ಕಿಮೀಗೆ 3600. ಒಂದು ಗೇರಿನೊಳಗೆ ಆರ್‌ಪಿಎಂ ಮತ್ತು ವೇಗ ಒಂದೇ ಅನುಪಾತದಲ್ಲಿ ಏರಲೇಬೇಕು, ಮಧ್ಯೆ ಇರುವುದು ಹಲ್ಲುಗಳು ಮಾತ್ರ. 2700ನ್ನು 80ರಿಂದ ಭಾಗಿಸಿದರೆ 33.75. ಅಂದರೆ 95ಕ್ಕೆ 3200ರ ಹತ್ತಿರ ಇರಬೇಕಿತ್ತು. ಮಿಕ್ಕ 400 ಆರ್‌ಪಿಎಂ ಎಲ್ಲಿ ಹೋಯಿತು? ಕ್ಲಚ್‌ನಲ್ಲಿ ಜಾರಿ ಬಿಸಿಯಾಗಿ ಹೋಯಿತು. ಶೇಕಡಾ 12ರಷ್ಟು ಸ್ಲಿಪ್ ಇದು. ಕ್ಲಚ್ ಸ್ಲಿಪ್ ಆಗುತ್ತಿದೆಯೋ ಇಲ್ಲವೋ ಅಂತ ವಾದ ಮಾಡುವವರಿಗೆ ಈ ಭಾಗಾಕಾರ ತೋರಿಸಿ, ಮೂಗಿನ ಅಂದಾಜಿಗಿಂತ ಇದು ವಾಸಿ.

ನಾಲ್ಕನೇ ಗೇರಿನಲ್ಲೇ ಯಾಕೆ ಜಾರುತ್ತದೆ, ಮೊದಲನೆಯದರಲ್ಲಿ ಯಾಕಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಮೊದಲನೇ ಗೇರಿನಲ್ಲಿ ಎಂಜಿನ್ ಟಾರ್ಕ್ ಹದಿಮೂರು ಪಟ್ಟಿಗೂ ಹೆಚ್ಚಾಗಿ ಚಕ್ರ ಮುಟ್ಟುತ್ತದೆ. ಮುಂದಿನ ಎರಡು ಟೈರುಗಳು ಅಷ್ಟನ್ನು ರಸ್ತೆಗೆ ಹಾಕಲಾರವು. ನನ್ನ ಲೆಕ್ಕದಲ್ಲಿ ಎಂಜಿನ್ 200 ಎನ್‌ಎಂ ಕೊಡುವ ಮುಂಚೆಯೇ ಟೈರು ಸುತ್ತತೊಡಗುತ್ತದೆ. ಟೈರು ಜಾರಿದರೆ ಕ್ಲಚ್ ಬಚಾವ್. ಮೇಲಿನ ಗೇರುಗಳಲ್ಲಿ ಟೈರು ಬಿಗಿಯಾಗಿ ಹಿಡಿದಿರುತ್ತದೆ, ಟಾರ್ಕ್ ಪೂರ್ತಿ ಬಂದಿರುತ್ತದೆ, ಸರಪಳಿಯಲ್ಲಿ ಸಡಿಲ ಕೊಂಡಿಯಾಗಿ ಉಳಿಯುವುದು ಕ್ಲಚ್.

ಹೊಸ ಕ್ಲಚ್‌ಗೆ ದುಡ್ಡು ಹಾಕುವ ಮುಂಚೆ ಎರಡು ವಿಷಯ ನೋಡಿಸಿ. ಒಂದು, ಕ್ರ್ಯಾಂಕ್‌ನ (ಎಂಜಿನ್ನಿನ ಮುಖ್ಯ ತಿರುಗು ದಂಡ) ಹಿಂದಿನ ಆಯಿಲ್ ಸೀಲ್. ಈ ಎಂಜಿನ್ ಕುಟುಂಬದಲ್ಲಿ ಪಿಸಿವಿ ವಾಲ್ವ್‌ನ (ಎಂಜಿನ್ನಿನೊಳಗಿನ ಆವಿ ಹೊರಬಿಡುವ ಕವಾಟ) ರಬ್ಬರ್ ಹರಿದರೆ ಕ್ರ್ಯಾಂಕ್‌ಕೇಸ್ ಒತ್ತಡ ಹದಗೆಟ್ಟು ಹಿಂದಿನ ಸೀಲ್ ಸೋರಲು ಶುರುವಾಗುತ್ತದೆ. ಐಡಲ್‌ನಲ್ಲಿ ಸಣ್ಣ ಶಿಳ್ಳೆ ಕೇಳಿದರೆ ಅನುಮಾನ ಪಡಿ. ಆಯಿಲ್ ಕುಡಿದ ಲೈನಿಂಗ್ (ಕ್ಲಚ್ ಡಿಸ್ಕಿನ ಉಜ್ಜುವ ಪದರ) ಯಾವ ಬ್ರ್ಯಾಂಡಿನದಾದರೂ ಜಾರುತ್ತದೆ. ಇನ್ನೊಂದು, ಪೆಡಲ್ ಬಿಟ್ಟಾಗ ಹೈಡ್ರಾಲಿಕ್ ಪೂರ್ತಿ ವಾಪಸ್ ಬರುತ್ತಿದೆಯಾ ಅನ್ನುವುದು. ಮಾಸ್ಟರ್ ಸಿಲಿಂಡರ್ ಹಿಡಿದುಕೊಂಡರೆ ಕ್ಲಚ್ ಯಾವಾಗಲೂ ಅರ್ಧ ಒತ್ತಿದ ಹಾಗೇ ಇರುತ್ತದೆ. ಇವೆರಡೂ ಸರಿ ಇದ್ದರೆ ನಿಮ್ಮದು ನೇರ ಪ್ರಕರಣ. 250 ಎನ್‌ಎಂಗೆ ಅಂತ ಕೊಟ್ಟ ಕ್ಲಚ್ 340 ಹೊರುತ್ತಿದೆ, ಅಷ್ಟೇ.

ಎಷ್ಟು ಹೊರಬಹುದು ಅನ್ನುವುದಕ್ಕೆ ಒಂದು ಸರಳ ಗುಣಾಕಾರ ಇದೆ. ಲೈನಿಂಗಿನ ಘರ್ಷಣೆ ಅಂಕಿ, ಡಿಸ್ಕನ್ನು ಫ್ಲೈವೀಲಿಗೆ (ಎಂಜಿನ್ನಿನ ಭಾರದ ಚಕ್ರ) ಪ್ರೆಶರ್ ಪ್ಲೇಟ್ ಒತ್ತುವ ಬಲ, ಡಿಸ್ಕಿನ ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ. ಈ ನಾಲ್ಕನ್ನೂ ಗುಣಿಸಿ. 240 ಮಿಮೀ ಡಿಸ್ಕ್ ಅಂದುಕೊಂಡರೆ ಸರಾಸರಿ ತ್ರಿಜ್ಯ ಸುಮಾರು 0.1 ಮೀಟರ್. ಸಾಮಾನ್ಯ ಆರ್ಗ್ಯಾನಿಕ್ ಲೈನಿಂಗಿಗೆ 0.3 ಇಡಿ. ಒತ್ತುವ ಬಲ 6000 ನ್ಯೂಟನ್, ಅಂದರೆ ಆರು ಕ್ವಿಂಟಲ್ ಮೂಟೆ ಮೇಲಿಟ್ಟ ಹಾಗೆ. ಒಂದು ಡಿಸ್ಕಿಗೆ ಎರಡು ಮುಖ. ಗುಣಿಸಿದರೆ 360 ಎನ್‌ಎಂ. ಇವು ಅಂದಾಜಿಗೆ ಇಟ್ಟ ಸಂಖ್ಯೆಗಳು. ಆದರೆ ಕಂಪನಿಯವರು ಎಂಜಿನ್ ಟಾರ್ಕಿನ ಮೇಲೆ ಮೂರನೇ ಒಂದು ಭಾಗವೋ ಅರ್ಧವೋ ಜಾಸ್ತಿ ಇಟ್ಟು ಕ್ಲಚ್ ಕೊಡುವುದು ವಾಡಿಕೆ. ಹಾಗಾಗಿ ನಿಮ್ಮ ಹಳೇ ಕ್ಲಚ್ ಹೊಸದಿದ್ದಾಗ ಇದರ ಹತ್ತಿರವೇ ಇದ್ದಿರುತ್ತದೆ. ಅದು ಸವೆದು, ಟ್ರಾಫಿಕ್‌ನಲ್ಲಿ ಕಾದು, 340ಕ್ಕೆ ಕೈಚೆಲ್ಲಿದರೆ ಆಶ್ಚರ್ಯ ಏನಿಲ್ಲ. ಮೂರನೇ ಗ್ಯಾರೇಜಿನವರ ಮಾತೂ ಇಲ್ಲೇ ಇತ್ಯರ್ಥ ಆಯಿತು. ಹೊಸ ಕಂಪನಿ ಕ್ಲಚ್ ಈಗಿನ ರೀಮ್ಯಾಪ್‌ಗೆ ಕೆಲಕಾಲ ತಡೆದೀತು. ಕೆ04ಗೆ ಸಾಲದು.

ಆ ಗುಣಾಕಾರದಲ್ಲಿ ಏನಿಲ್ಲ ಅಂತ ಗಮನಿಸಿದಿರಾ? ಲೈನಿಂಗಿನ ವಿಸ್ತೀರ್ಣ. ‘ಮೈ ದೊಡ್ಡದಿದ್ದರೆ ಹಿಡಿತ ಜಾಸ್ತಿ’ ಅನ್ನುವುದು ಗ್ಯಾರೇಜುಗಳಲ್ಲಿ ದಿನಾ ಕೇಳುವ ಮಾತು. ತಪ್ಪು. ಮೈ ದೊಡ್ಡದಾದರೆ ಬಿಸಿ ಹಂಚಿಹೋಗುತ್ತದೆ, ಸವೆತ ನಿಧಾನ ಆಗುತ್ತದೆ. ಹಿಡಿತ ಬದಲಾಗುವುದಿಲ್ಲ. ನಾಲ್ಕು ಬಿಲ್ಲೆ, ಆರು ಬಿಲ್ಲೆ ಅಂಟಿಸಿದ ಪಕ್ ಡಿಸ್ಕ್ ಅಷ್ಟು ಹಿಡಿಯುವುದು ಬಿಲ್ಲೆಯ ಆಕಾರದಿಂದಲ್ಲ, ಬಿಲ್ಲೆಯ ಲೋಹ-ಸೆರಾಮಿಕ್ ಮಿಶ್ರಣದ ಘರ್ಷಣೆಯಿಂದ.

ಇಷ್ಟು ತಿಳಿದರೆ ಯಾವ ಕ್ಲಚ್ ಕಿಟ್ ಏನು ಮಾಡುತ್ತಿದೆ ಅಂತ ನೀವೇ ಬಿಡಿಸಿ ನೋಡಬಹುದು. ಕೆಲವರು ಒತ್ತುವ ಬಲ ಏರಿಸುತ್ತಾರೆ. ಕೆಲವರು ಲೈನಿಂಗ್ ಬದಲಿಸುತ್ತಾರೆ. ಟ್ವಿನ್ ಡಿಸ್ಕಿನವರು ಮುಖಗಳನ್ನು ಎರಡರಿಂದ ನಾಲ್ಕು ಮಾಡುತ್ತಾರೆ. ನಿಮಗೆ 400 ಎನ್‌ಎಂ ಮೇಲೆ ಕಾಲು ಭಾಗ ಮೀಸಲು ಸೇರಿಸಿ 500 ಬೇಕು. ಒತ್ತುವ ಬಲವನ್ನು 7500ಕ್ಕೆ ಏರಿಸಿ, ಸ್ವಲ್ಪ ಚುರುಕಾದ ಆರ್ಗ್ಯಾನಿಕ್ ಲೈನಿಂಗಿಗೆ 0.35 ಇಟ್ಟರೆ 525 ಬರುತ್ತದೆ. ಹಳೇ ಒತ್ತಡವನ್ನೇ ಉಳಿಸಿಕೊಂಡು ಸೆರಾಮಿಕ್ ಪಕ್‌ಗೆ 0.45 ಇಟ್ಟರೆ 540. ಮೊದಲನೆಯದಕ್ಕೆ ತೆರುವ ಬೆಲೆ ನಿಮ್ಮ ಎಡಗಾಲು, ಪೆಡಲ್ ಗಟ್ಟಿಯಾಗುತ್ತದೆ. ಎರಡನೆಯದಕ್ಕೆ ನಿಮ್ಮ ಸಮಾಧಾನ.

ಸೆರಾಮಿಕ್ ಪಕ್ ಬಗ್ಗೆ ನಾನು ಓದಿ ಹೇಳುತ್ತಿಲ್ಲ. ನನ್ನ ಹಳೇ ಆಕ್ಟೇವಿಯಾ ಆರ್‌ಎಸ್‌ಗೆ ಹಾಕಿಸಿದ್ದೆ. ನಮ್ಮಲ್ಲಿಗೆ 150 ಪಿಎಸ್, 210 ಎನ್‌ಎಂ ಜೊತೆ ಬಂದಿದ್ದ 1.8 ಟರ್ಬೊ ಅದು. ದೊಡ್ಡ ಟರ್ಬೊ ಕೂರಿಸಿದ ಮೇಲೆ, ಮಾರಿದವರ ಮಾತು ಕೇಳಿ, ಸ್ಪ್ರಿಂಗೇ ಇಲ್ಲದ ಗಟ್ಟಿ ಹಬ್‌ನ (ಡಿಸ್ಕಿನ ನಡುಭಾಗ) ಆರು ಪಕ್ ತರಿಸಿದೆ. ಖಾಲಿ ರಸ್ತೆಯಲ್ಲಿ ಅದ್ಭುತ. ಗೇರ್ ಬಿದ್ದ ಕ್ಷಣವೇ ಬೆನ್ನಿಗೆ ಗುದ್ದಿದ ಹಾಗೆ. ಸೋಮವಾರ ಬೆಳಿಗ್ಗೆ ಟಿನ್ ಫ್ಯಾಕ್ಟರಿ ಹತ್ತಿರ ನಿಂತಾಗ ಕಥೆ ಬೇರೆಯಾಯಿತು. ಮುಂದಿನ ಬಿಎಂಟಿಸಿ ಬಸ್ಸು ಎರಡಡಿ ಸರಿಯುತ್ತದೆ. ನಾನೂ ಎರಡಡಿ ಸರಿಯಬೇಕು. ಪೆಡಲ್ ಅರ್ಧ ಇಂಚು ಬಿಟ್ಟರೆ ಏನೂ ಇಲ್ಲ, ಇನ್ನೊಂದು ಕೂದಲೆಳೆ ಬಿಟ್ಟರೆ ಕಾರು ಕಪ್ಪೆಯ ಹಾಗೆ ಜಿಗಿಯುತ್ತದೆ. ಹಾಫ್ ಕ್ಲಚ್ ಅನ್ನುವ ಜಾಗವೇ ಅದಕ್ಕಿಲ್ಲ. ಡ್ಯಾಶ್‌ಬೋರ್ಡ್ ಗಡಗಡ, ಪಕ್ಕದ ಸೀಟಿನಲ್ಲಿದ್ದ ಹೆಂಡತಿಯ ಕಾಫಿ ಲೋಟ ಅವಳ ಮಡಿಲಿಗೆ. ನಾಲ್ಕು ತಿಂಗಳಲ್ಲಿ ಮತ್ತೆ ಗೇರ್‌ಬಾಕ್ಸ್ ಇಳಿಸಿದೆ. ಫ್ಲೈವೀಲ್ ಮುಖದಲ್ಲಿ ನೀಲಿ ಮಚ್ಚೆಗಳು ಬಿದ್ದಿದ್ದವು. ಆಮೇಲೆ ಹಳಬರೆಲ್ಲ ಮಾಡುತ್ತಿದ್ದ ದಾರಿಗೇ ಬಂದೆ, ಜಿ60 ಫ್ಲೈವೀಲ್ ಜೊತೆ ವಿಆರ್6 ಕ್ಲಚ್. ಫೋಕ್ಸ್‌ವ್ಯಾಗನ್‌ನ ಬೇರೆ ಕಾರುಗಳ ಬಿಡಿಭಾಗ, 5 ಸ್ಪೀಡ್ 1.8 ಟರ್ಬೊಗೆ ಸರಿಯಾಗಿ ಕೂರುತ್ತದೆ. ಅದು ಆ ಕಾರಿನ ಕೊನೆವರೆಗೂ ತಕರಾರು ಮಾಡಲಿಲ್ಲ. ನಿಮ್ಮ ಲಾರಾಗೆ ಆ ಉಪಾಯ ನಡೆಯುವುದಿಲ್ಲ, ಆಸೆ ಪಡಬೇಡಿ.

ಪಕ್ ಯಾಕೆ ಹಾಗೆ ಜಿಗಿಯುತ್ತದೆ? ಸಾಮಾನ್ಯ ಡಿಸ್ಕಿನ ಎರಡು ಲೈನಿಂಗಿನ ಮಧ್ಯೆ ಅಲೆಅಲೆಯಾದ ತೆಳು ಉಕ್ಕಿನ ತಗಡು ಇರುತ್ತದೆ, ಮಾರ್ಸೆಲ್ ಸ್ಪ್ರಿಂಗ್ ಅಂತಾರೆ. ಪೆಡಲ್ ಬಿಡುವಾಗ ಮೊದಲು ಆ ಅಲೆ ಚಪ್ಪಟೆಯಾಗುತ್ತಾ ಹೋಗುತ್ತದೆ, ಹಿಡಿತ ನಿಧಾನವಾಗಿ ಏರುತ್ತದೆ. ನಿಮ್ಮ ಎಡಗಾಲಿಗೆ ಸಿಗುವ ಆ ಮೆತ್ತನೆ ಜಾಗ ಇದರ ಕೊಡುಗೆ. ಹೆಚ್ಚಿನ ಪಕ್ ಡಿಸ್ಕುಗಳಲ್ಲಿ ಇದು ಇರುವುದಿಲ್ಲ. ಜೊತೆಗೆ ಲೈನಿಂಗೂ ಒರಟು. ಎರಡೂ ಸೇರಿದರೆ ಕ್ಲಚ್ ಹೆಚ್ಚುಕಡಿಮೆ ಸ್ವಿಚ್ ಆಗಿಬಿಡುತ್ತದೆ. ರೇಸ್ ಟ್ರ್ಯಾಕಿನಲ್ಲಿ ದಿನಕ್ಕೆ ನಾಲ್ಕು ಬಾರಿ ನಿಂತು ಹೊರಡುವವನಿಗೆ ಅದರಿಂದ ತೊಂದರೆ ಇಲ್ಲ. ನೀವು ಒಂದು ದಿನಕ್ಕೆ ಎಷ್ಟು ಸಲ ನಿಂತು ಹೊರಡುತ್ತೀರಿ ಅಂತ ಎಣಿಸಿದ್ದೀರಾ? ನಾಳೆ ಸುಮ್ನೆ ಎಣಿಸಿ ನೋಡಿ.

ಯಾಕಂದರೆ ರಸ್ತೆ ಕಾರಿನ ಕ್ಲಚ್ ಸಾಯುವುದು ಪೂರ್ತಿ ಥ್ರಾಟಲ್‌ನಿಂದ ಅಂತ ನಾವು ಅಂದುಕೊಳ್ಳುತ್ತೇವೆ. ನಾನು ಬಿಚ್ಚಿ ನೋಡಿದ್ದರಲ್ಲಿ ಹೆಚ್ಚಿನವು ಸತ್ತಿದ್ದು ಬಿಸಿಯಿಂದ. ಜನ ಸೇರಿ 1500 ಕೆಜಿ ತೂಗುವ ಕಾರನ್ನು 1500 ಆರ್‌ಪಿಎಂ ಹಿಡಿದು ಮೊದಲನೇ ಗೇರಿನಲ್ಲಿ ಹೊರಡಿಸಿದರೆ, ಕ್ಲಚ್ ಪೂರ್ತಿ ಕೂಡುವ ಹೊತ್ತಿಗೆ ವೇಗ ಸುಮಾರು 13 ಕಿಮೀ. ಕಾರಿಗೆ ಸಿಕ್ಕ ಶಕ್ತಿ ಸುಮಾರು 10 ಕಿಲೋಜೂಲ್. ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್‌ನಲ್ಲಿ ಬಿಸಿಯಾಗಿ ಇಳಿಯುತ್ತದೆ. ಅರ್ಧ ಫ್ಲೈವೀಲಿಗೆ, ಅರ್ಧ ಪ್ರೆಶರ್ ಪ್ಲೇಟಿಗೆ. ಪ್ರೆಶರ್ ಪ್ಲೇಟಿನ ಎರಕದ ಉಂಗುರ 3 ಕೆಜಿ ಇದ್ದರೆ ಒಂದು ಸಲ ಹೊರಟರೆ ಸುಮಾರು 3 ಡಿಗ್ರಿ ಏರಿಕೆ. ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಮಾರತ್‌ಹಳ್ಳಿ ಸೇತುವೆ ಕೆಳಗೆ ಹದಿನೈದು ನಿಮಿಷದಲ್ಲಿ ನಲವತ್ತು ಸಲ ಹೀಗೆ ಮಾಡಿ. ತಣ್ಣಗಾಗಲು ಗಾಳಿಯೂ ಇಲ್ಲ. ಲೈನಿಂಗ್ ಮೇಲ್ಮೈ 250-300 ಡಿಗ್ರಿ ದಾಟಿದರೆ ಆರ್ಗ್ಯಾನಿಕ್‌ಗೆ ಹಿಡಿತ ಬಿಟ್ಟುಹೋಗುತ್ತದೆ, ಆ ಪರಿಚಿತ ವಾಸನೆ ಬರುತ್ತದೆ. ಇದೇ ಕಾರನ್ನು ಸ್ನೇಹಿತರ ಮುಂದೆ 4000 ಆರ್‌ಪಿಎಂನಲ್ಲಿ ಲಾಂಚ್ ಮಾಡಿದರೆ ಒಂದೇ ಸಲಕ್ಕೆ ಬಿಸಿ ಏಳು ಪಟ್ಟು. ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ನೋಡಿ.

ಆರ್ಗ್ಯಾನಿಕ್‌ನ ಒಳ್ಳೆ ಗುಣ ಅಂದರೆ ಒಂದೆರಡು ಸಲ ಕಾದರೂ ತಣ್ಣಗಾದ ಮೇಲೆ ಸುಧಾರಿಸಿಕೊಳ್ಳುತ್ತದೆ. ಕೆವ್ಲಾರ್ ನಾರಿನ ಲೈನಿಂಗ್ ಹಾಗಲ್ಲ. ಮೃದುವಾಗಿ ಹಿಡಿಯುತ್ತದೆ, ತುಂಬಾ ಕಾಲ ಬಾಳುತ್ತದೆ. ಆದರೆ ಒಮ್ಮೆ ಚೆನ್ನಾಗಿ ಕಾದು ಮೇಲ್ಮೈ ಗಾಜಿನ ಹಾಗೆ ಹೊಳಪಾದರೆ ಹಳೇ ಹಿಡಿತ ವಾಪಸ್ ಬರುವುದು ಕಷ್ಟ. ಬೆಂಗಳೂರಿಗೆ ಬರೀ ಕೆವ್ಲಾರನ್ನು ನಾನು ಸೂಚಿಸುವುದಿಲ್ಲ.

ಟ್ವಿನ್ ಡಿಸ್ಕ್ ನಿಜಕ್ಕೂ ಒಳ್ಳೆಯ ಎಂಜಿನಿಯರಿಂಗ್. ಅದೇ 6000 ನ್ಯೂಟನ್, ಅದೇ 0.3, ಮುಖ ನಾಲ್ಕಾದರೆ 720 ಎನ್‌ಎಂ. ಪೆಡಲ್ ಮೆತ್ತಗೇ ಇರುತ್ತದೆ. 600-700 ಎನ್‌ಎಂ ಗಾಡಿ ನಿಮ್ಮದಾಗಿದ್ದರೆ ಬೇರೆ ಮಾತೇ ಆಡುತ್ತಿರಲಿಲ್ಲ. ನಿಮಗೆ ಅದು ಬೇಡ ಅನ್ನಲು ನನ್ನ ಕಾರಣ ಬೆಲೆಯೊಂದೇ ಅಲ್ಲ. ಮಧ್ಯದ ತೇಲುವ ಪ್ಲೇಟ್ ಪೆಡಲ್ ಒತ್ತಿದಾಗ ಕಿಲಿಕಿಲಿ ಸದ್ದು ಮಾಡುತ್ತದೆ, ಸಿಗ್ನಲ್‌ನಲ್ಲಿ ಪಕ್ಕದವರು ತಿರುಗಿ ನೋಡುತ್ತಾರೆ. ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಕ್ಲಚ್ ಒಂದು ಥರ ಫ್ಯೂಸ್. ಮನೆಯ ಫ್ಯೂಸಿಗೆ ದಪ್ಪ ತಂತಿ ಸುತ್ತಿದರೆ ಏನಾಗುತ್ತದೆ ಅಂತ ಗೊತ್ತಲ್ಲ. ಕ್ಲಚ್ ಎಂದೂ ಜಾರದ ಹಾಗೆ ಮಾಡಿದರೆ ಆ ಹೊಡೆತ ಗೇರಿನ ಹಲ್ಲು, ಡಿಫರೆನ್ಷಿಯಲ್, ಡ್ರೈವ್‌ಶಾಫ್ಟ್ ಯಾವುದಾದರೊಂದಕ್ಕೆ ಹೋಗಲೇಬೇಕು. 250 ಎನ್‌ಎಂ ಎಂಜಿನ್ ಜೊತೆ ಬಂದ ಗೇರ್‌ಬಾಕ್ಸ್ ನಿಮ್ಮದು. ಅದನ್ನು ಹುಡುಕಿ ತಂದು ಕೂರಿಸುವುದಕ್ಕಿಂತ ಕ್ಲಚ್ ಪ್ಲೇಟ್ ಹಾಕಿಸುವುದು ಎಷ್ಟೋ ಮೇಲು.

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ನಿಮ್ಮ ಟಾರ್ಕನ್ನು ಮೀಸಲು ಸೇರಿಸಿ ಹಿಡಿಯಬಲ್ಲ ಕ್ಲಚ್‌ಗಳಲ್ಲಿ ಎಲ್ಲಕ್ಕಿಂತ ಮೆತ್ತನೆಯದನ್ನು ತಗೊಳ್ಳಿ. ಎಲ್ಲಕ್ಕಿಂತ ಗಟ್ಟಿಯಾದದ್ದು ಬೇಡ. ನಿಮ್ಮ ಪಾಲಿಗೆ ಅದು ಪೂರ್ತಿ ಮುಖದ ಆರ್ಗ್ಯಾನಿಕ್ ಲೈನಿಂಗ್, ಸ್ಪ್ರಿಂಗ್ ಇರುವ ಹಬ್, ಬಿಗಿಯಾದ ಪ್ರೆಶರ್ ಪ್ಲೇಟ್, ಕ್ರ್ಯಾಂಕ್‌ನಲ್ಲಿ 500 ಎನ್‌ಎಂ ಆಸುಪಾಸಿನ ರೇಟಿಂಗ್. ಸಾಕ್ಸ್ ಪರ್ಫಾರ್ಮೆನ್ಸ್, ಅಮೆರಿಕದ ಸೌತ್ ಬೆಂಡ್, ಎಸಿಟಿ, ಇಂಗ್ಲೆಂಡಿನ ಹೆಲಿಕ್ಸ್ ಹೆಸರಿನಲ್ಲಿ ಹುಡುಕಿ. ಆರ್ಡರ್ ಮಾಡುವ ಮುಂಚೆ ಗೇರ್‌ಬಾಕ್ಸ್ ಮೇಲಿನ ಕೋಡ್ ಬರೆದುಕೊಳ್ಳಿ. ಒಂದೇ ಎಂಜಿನ್‌ಗೆ ಬೇರೆ ಬೇರೆ ಗೇರ್‌ಬಾಕ್ಸ್ ಕೂರಿಸಿರುತ್ತಾರೆ, ಇನ್‌ಪುಟ್ ಶಾಫ್ಟ್‌ನ ಹಲ್ಲು ಹೊಂದದಿದ್ದರೆ ಡಬ್ಬ ವಾಪಸ್ ಕಳಿಸುವುದೇ ಒಂದು ಉದ್ಯೋಗ. ಅಂದಹಾಗೆ, ಕಂಪನಿ ಕ್ಲಚ್ ಮಾಡುವ ಲೂಕ್ ಕಾರ್ಖಾನೆ ನಮ್ಮ ಪಕ್ಕದ ಹೊಸೂರಿನಲ್ಲೇ ಇದೆ. ಟ್ಯೂನಿಂಗ್ ಕಿಟ್‌ಗೆ ಮಾತ್ರ ಸಮುದ್ರ ದಾಟಿದ ಕೊರಿಯರ್‌ಗೆ ಕಾಯಬೇಕು.

ಡಬ್ಬದ ಮೇಲಿನ ‘ಸ್ಟೇಜ್’ ಅನ್ನುವ ಪದಕ್ಕೆ ಯಾವ ಮಾನದಂಡವೂ ಇಲ್ಲ. ಒಬ್ಬರ ಸ್ಟೇಜ್ 2 ಇನ್ನೊಬ್ಬರ ಸ್ಟೇಜ್ 4. ಸೌತ್ ಬೆಂಡ್‌ನವರು ಒಂದೇ ಸ್ಟೇಜಿನಲ್ಲಿ ‘ಡೈಲಿ’, ‘ಎಂಡ್ಯೂರೆನ್ಸ್’ ಅಂತ ಬೇರೆ ಬೇರೆ ಲೈನಿಂಗ್ ಮಾರುತ್ತಾರೆ, ನಿಮಗೆ ಡೈಲಿ ಸಾಕು. ಸಂಖ್ಯೆಯ ಪಕ್ಕದ ಮಾನವನ್ನೂ ನೋಡಿ. ಅಮೆರಿಕದವರು ಪೌಂಡ್-ಫೂಟ್‌ನಲ್ಲಿ ಬರೆಯುತ್ತಾರೆ. ಅವರ 400 ನಮ್ಮ 542 ಎನ್‌ಎಂ. ‘400 ಅಂತ ಇದೆ, ನನ್ನದೂ 400, ಮೀಸಲೇ ಇಲ್ಲ’ ಅಂತ ಹೆದರಿ ಮುಂದಿನ ಸ್ಟೇಜ್ ತಂದು ಗೋಳಾಡಿದವರನ್ನು ಕಂಡಿದ್ದೇನೆ. ಕೆಲವರು ಚಕ್ರದಲ್ಲಿ ಅಳೆದ ಟಾರ್ಕ್ ಕೊಡುತ್ತಾರೆ, ಕೆಲವರು ಕ್ರ್ಯಾಂಕಿನದು. ಕೇಳಿ ಖಚಿತ ಮಾಡಿಕೊಳ್ಳಿ.

ಇನ್ನು ಫ್ಲೈವೀಲ್. ಇದನ್ನು ಯಾರೂ ನಿಮಗೆ ಹೇಳಿಲ್ಲ, ಆದರೆ ಅರ್ಧ ನಿರ್ಧಾರ ಇಲ್ಲೇ ಇದೆ. ನಿಮ್ಮ ಕಾರಿನಲ್ಲಿರುವುದು ಡ್ಯುಯಲ್ ಮಾಸ್ ಫ್ಲೈವೀಲ್. ಒಂದರ ಮೇಲೊಂದು ಎರಡು ಚಕ್ರ, ಮಧ್ಯೆ ಬಾಗಿದ ಉದ್ದ ಸ್ಪ್ರಿಂಗು. ನಾಲ್ಕು ಸಿಲಿಂಡರಿನ ಹೊಡೆತಗಳನ್ನು ಆ ಸ್ಪ್ರಿಂಗುಗಳು ನುಂಗಿಕೊಂಡು ಗೇರ್‌ಬಾಕ್ಸಿಗೆ ನಯವಾದ ತಿರುಗು ಕೊಡುತ್ತವೆ. 1800 ಆರ್‌ಪಿಎಂನಲ್ಲಿ, ಐದನೇ ಗೇರಿನಲ್ಲಿ, ಪೂರ್ತಿ ಬೂಸ್ಟ್ ಕೊಟ್ಟರೆ ಆ ಸ್ಪ್ರಿಂಗುಗಳು ಕೊನೆವರೆಗೆ ಕುಗ್ಗಿ ಲೋಹಕ್ಕೆ ಲೋಹ ಬಡಿಯುತ್ತದೆ. 340 ಎನ್‌ಎಂನಲ್ಲಿ ಹಾಗೆ ಕೆಲವು ತಿಂಗಳು ಓಡಿದ ಫ್ಲೈವೀಲ್ ಮೇಲೆ ಹೊಸ ಕ್ಲಚ್ ಕೂರಿಸುವುದು ಜೂಜು. ಗೇರ್‌ಬಾಕ್ಸ್ ಇಳಿದಾಗ ಹೊರಚಕ್ರವನ್ನು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ. ಸ್ವಲ್ಪ ಆಟ ಇದ್ದು ಸ್ಪ್ರಿಂಗ್ ತಡೆಯುವುದು ಗೊತ್ತಾಗಬೇಕು. ಸಡಿಲವಾಗಿ ಲೊಡಲೊಡ ಅಂದರೆ, ಅಥವಾ ಅಂಚಿನಲ್ಲಿ ಕಪ್ಪು ಗ್ರೀಸ್ ಹೊರಬಂದಿದ್ದರೆ, ಮುಗಿದಿದೆ. ಎಂಜಿನ್ ಆಫ್ ಮಾಡುವಾಗ ‘ಠಕ್’ ಅನ್ನುವ ಸದ್ದು ಈಗಲೇ ಬರುತ್ತಿದ್ದರೆ ಬಿಚ್ಚುವ ಮುಂಚೆಯೇ ಉತ್ತರ ಸಿಕ್ಕ ಹಾಗೆ.

400 ಎನ್‌ಎಂಗೆ ನಾನಂತೂ ಸಿಂಗಲ್ ಮಾಸ್ ಫ್ಲೈವೀಲ್‌ಗೆ ಹೋಗುತ್ತೇನೆ. ಅದರಲ್ಲಿ ಸ್ಪ್ರಿಂಗ್ ಇಲ್ಲದ್ದರಿಂದ ಡಿಸ್ಕಿನ ಹಬ್‌ನಲ್ಲಿ ಸ್ಪ್ರಿಂಗ್ ಕಡ್ಡಾಯ. ತೂಕ 10 ಕೆಜಿ ಹತ್ತಿರ ಇರಲಿ. 5-6 ಕೆಜಿ ಅಲ್ಯೂಮಿನಿಯಂ ಫ್ಲೈವೀಲ್ ಹಾಕಿದರೆ ಆರ್‌ಪಿಎಂ ಚಕ್ಕನೆ ಏರುತ್ತದೆ, ಕೇಳಲು ಖುಷಿ. ಆದರೆ ನಿಂತಲ್ಲಿಂದ ಹೊರಡುವಾಗ ಚಕ್ರದಲ್ಲಿ ಕೂಡಿಟ್ಟ ಶಕ್ತಿ ಇರುವುದಿಲ್ಲ, ಎಂಜಿನ್ ನಿಂತುಹೋಗುತ್ತದೆ. ನಿಲ್ಲಬಾರದು ಅಂತ ನೀವು ಆರ್‌ಪಿಎಂ ಜಾಸ್ತಿ ಕೊಡುತ್ತೀರಿ, ಕ್ಲಚ್ ಜಾಸ್ತಿ ಜಾರಿಸುತ್ತೀರಿ. ಮತ್ತೆ ಬಿಸಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ರ‍್ಯಾಂಪ್ ಇದ್ದವರಿಗಂತೂ ಹಗುರ ಫ್ಲೈವೀಲ್ ಶಿಕ್ಷೆ. ಸಿಂಗಲ್ ಮಾಸ್‌ನ ಬೆಲೆ ಸದ್ದು. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಗೇರ್‌ಬಾಕ್ಸಿನೊಳಗೆ ಸಣ್ಣ ಕಲ್ಲು ಅಲುಗಾಡಿಸಿದಂಥ ಶಬ್ದ ಬರುತ್ತದೆ, ಒತ್ತಿದರೆ ಹೋಗುತ್ತದೆ. ಖಾಲಿ ಸುತ್ತುವ ಗೇರುಗಳ ಹಲ್ಲು ಒಂದಕ್ಕೊಂದು ತಾಗುವ ಸದ್ದು ಅದು. ಹಾನಿ ಏನಿಲ್ಲ. ಮನೆಯವರು ‘ಡೀಸೆಲ್ ಆಗೋಯ್ತಾ?’ ಅಂತ ಕೇಳಿದರೆ ತಯಾರಿರಿ.

ಬಿಗಿ ಪ್ರೆಶರ್ ಪ್ಲೇಟ್‌ಗೂ ಒಂದು ಎಚ್ಚರಿಕೆ ಇದೆ. ಪೆಡಲ್ ಒತ್ತಿದಾಗ ಆ ಬಲ ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ನೂಕುತ್ತದೆ. ಅದನ್ನು ತಡೆಯುವುದು ತೆಳ್ಳಗಿನ ಥ್ರಸ್ಟ್ ವಾಷರ್. ಸಿಗ್ನಲ್‌ನಲ್ಲಿ ಮೊದಲನೇ ಗೇರ್ ಹಾಕಿ ಎರಡು ನಿಮಿಷ ಪೆಡಲ್ ತುಳಿದೇ ನಿಲ್ಲುವ ಚಾಳಿ ನಿಮಗಿದ್ದರೆ ಇವತ್ತೇ ಬಿಡಿ. ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ.

ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ, ಹಾಗಾಗಿ ಒಳಗಿನದ್ದೆಲ್ಲ ಒಟ್ಟಿಗೆ ಬದಲಿಸಿ. ಹಿಂದಿನ ಆಯಿಲ್ ಸೀಲ್, ರಿಲೀಸ್ ಬೇರಿಂಗ್, ಅದು ಜಾರುವ ಗೈಡ್ ಸ್ಲೀವ್, ಫ್ಲೈವೀಲ್ ಬೋಲ್ಟುಗಳು. ಆ ಬೋಲ್ಟುಗಳು ಬಿಗಿಯುವಾಗ ಹಿಗ್ಗುವಂಥವು, ಎರಡನೇ ಸಲ ಬಳಸುವಂತಿಲ್ಲ. ಕ್ಲಚ್‌ಗೂ ಬ್ರೇಕಿಗೂ ಒಂದೇ ಡಬ್ಬಿಯ ಡಾಟ್ 4 ಆಯಿಲ್, ಅದನ್ನೂ ಹೊಸದು ತುಂಬಿಸಿ. ಹೊಸ ಫ್ಲೈವೀಲಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಹಚ್ಚಿರುತ್ತಾರೆ. ಬ್ರೇಕ್ ಕ್ಲೀನರ್‌ನಲ್ಲಿ ಒರೆಸದೆ ಹಾಗೇ ಕೂರಿಸಿ, ‘ದುಬಾರಿ ಕ್ಲಚ್ಚೂ ಜಾರುತ್ತೆ ಸಾರ್’ ಅಂದ ಗ್ಯಾರೇಜ್ ನನಗೆ ಗೊತ್ತು.

ಕಾನೂನಿನ ಮಾತು ಒಂದೇ ಸಾಲು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಸ್ಪೆಸಿಫಿಕೇಶನ್ನಿಗೆ ಹೊಂದದ ಬದಲಾವಣೆಗೆ ಅವಕಾಶ ಇಲ್ಲ. ಕೆ04 ಹಾಕಿಸುವ ಮುಂಚೆ ಇನ್ಶೂರೆನ್ಸ್ ಕಾಗದವನ್ನೂ ಒಮ್ಮೆ ಓದಿ.

ಕ್ಲಚ್ ಕೂರಿಸಿದ ಮೇಲೆ ಮೊದಲ 800 ಕಿಮೀ ಪೂರ್ತಿ ಥ್ರಾಟಲ್ ಇಲ್ಲ, ಲಾಂಚ್ ಇಲ್ಲ. ಆ 800 ಕಿಮೀ ಹೈವೇಯಲ್ಲಿ ಐದನೇ ಗೇರಿನಲ್ಲಿ ಓಡಿಸಿ ಮುಗಿಸಿದರೆ ಲೆಕ್ಕಕ್ಕಿಲ್ಲ, ಅಲ್ಲಿ ಕ್ಲಚ್ ಉಜ್ಜುವುದೇ ಇಲ್ಲ. ಲೈನಿಂಗ್ ಮತ್ತು ಫ್ಲೈವೀಲ್ ಮುಖ ಹೊಂದಿಕೊಳ್ಳಲು ಹೊರಡುವುದು, ನಿಲ್ಲುವುದು, ಗೇರ್ ಬದಲಿಸುವುದೇ ಬೇಕು. ಇದೊಂದು ವಿಷಯದಲ್ಲಿ ನಿಮ್ಮ ವೈಟ್‌ಫೀಲ್ಡ್ ದಾರಿ ಉಪಕಾರಿ. ಎರಡು ಮೂರು ವಾರ ಆಫೀಸಿಗೆ ಓಡಾಡಿ. ಆಮೇಲೆ ಒಂದು ಭಾನುವಾರ ಬೆಳಗಿನ ಜಾವ, ಸಕಲೇಶಪುರಕ್ಕೆ ಹೊರಟಾಗ ಖಾಲಿ ರಸ್ತೆ ಸಿಕ್ಕರೆ, ಈಗ ಕಳಿಸಿದ ಲಾಗನ್ನೇ ಮತ್ತೆ ತೆಗೆಯಿರಿ. ನಾಲ್ಕನೇ ಗೇರ್, 80ರಿಂದ 95. ಟೈರಿನ ಅಳತೆ ಬದಲಾಗಿರದಿದ್ದರೆ ಆ ಹೊತ್ತಿಗೆ 3200 ಕಾಣಿಸಬೇಕು.